ಗೋಡಂಬಿ ಹಾಲಿನ ಜಗಳ

ಡೈರಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರಮ್ಮನವರೆಗೆ ಎಲ್ಲರಿಗೂ ಅವನು ‘ನಾಲಿಗೆ’. ‘ನಾಲಿಗೆ ಬಂದಾಯ್ತಾ?’, ‘ನಾಲಿಗೆ ಊಟಕ್ಕೆ ಹೋಗಿದೆ’ ಎಂದು ಹಳಬರು ಹೊಸಬರ ಎದುರು ಹೇಳಿಕೊಂಡು ನಗುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನ ಹೊಟ್ಟೆ ತುಂಬಿಸಿದ್ದೇ ಆ ನಾಲಿಗೆ.

ಬೆಳಿಗ್ಗೆ ಹಾಲಿನ ಲಾರಿಗಳು ಹಿಂದಕ್ಕೆ ಸರಿದು ಹಾಲು ಇಳಿಸುವ ಕಟ್ಟೆಗೆ ಬೆನ್ನು ಕೊಟ್ಟು ನಿಂತವೆಂದರೆ ಅವನ ಕೆಲಸ ಶುರು. ಕ್ಯಾನಿನ ಮುಚ್ಚಳ ಎತ್ತಿದ ಕೂಡಲೇ ಮೊದಲು ಮೂಗು, ಆಮೇಲೆ ಉದ್ದ ಹಿಡಿಯ ಸೌಟಿನಿಂದ ಒಂದು ಗುಟುಕು. ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುವುದು. ಹಸು ಏನು ಮೇದಿತ್ತು, ಕ್ಯಾನು ತೊಳೆದವರು ಸೋಪನ್ನು ಸರಿಯಾಗಿ ಜಾಲಿಸಿದ್ದರೋ ಇಲ್ಲವೋ, ಹಾಲು ಎಷ್ಟು ಹೊತ್ತು ಬಿಸಿಲಿನಲ್ಲಿ ಕಾದಿತ್ತು, ಇವನ್ನೆಲ್ಲ ಯಂತ್ರ ಹೇಳುವ ಮೊದಲೇ ಅವನು ಹೇಳುತ್ತಿದ್ದ. ಬೇಡವಾದ ಕ್ಯಾನಿನ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೀಟು ಎಳೆದರೆ ಅದು ಬಂದ ದಾರಿಗೆ ವಾಪಸು. ಎಲ್ಲವನ್ನೂ ಉಗುಳಬೇಕೆಂಬುದು ನಿಯಮ. ಆದರೆ ಒಳ್ಳೆಯ ಹಾಲು ಸಿಕ್ಕಿದರೆ ಅವನು ಸದ್ದಿಲ್ಲದೆ ನುಂಗಿಬಿಡುತ್ತಿದ್ದ.

ಈ ಕೆಲಸ ಕೊಡಿಸಿದವನು ಅವನ ಹೆಂಡತಿಯ ಅಣ್ಣ. ಕಟ್ಟೆಯ ಮೇಲ್ವಿಚಾರಕ ಅವನೇ. ಇಬ್ಬರೂ ಒಬ್ಬರನ್ನೊಬ್ಬರು ‘ಭಾವ’ ಎಂದೇ ಕರೆಯುತ್ತಿದ್ದರು. ಕೆಲಸ ಕೊಡಿಸಿದ್ದನ್ನು ಮೇಲ್ವಿಚಾರಕ ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇವನಿಗೆ ಅದನ್ನು ಮರೆಯಲೂ ಬಿಡಲಿಲ್ಲ.

ಐವತ್ತು ದಾಟಿದ ವರ್ಷ ಹೊಟ್ಟೆ ಕೈಕೊಟ್ಟಿತು. ಹಾಲು ಕುಡಿದ ಅರ್ಧ ಗಂಟೆಗೆ ಹೊಟ್ಟೆ ಉಬ್ಬರಿಸಿ ಗುಡುಗುಡು ಎನ್ನುತ್ತಿತ್ತು. ಕಟ್ಟೆಯಿಂದ ಕಕ್ಕಸಿಗೆ ಎಪ್ಪತ್ತೆರಡು ಹೆಜ್ಜೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಡಾಕ್ಟರಮ್ಮ ಎರಡು ಸಲ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹಾಲಿಗೂ ನಿಮಗೂ ಋಣ ತೀರಿತು. ಟೀಗೂ ಬೇಡ, ಕಾಫಿಗೂ ಬೇಡ.”

“ಮೇಡಂ, ನಾನು ಡೈರೀಲಿ ಹಾಲು ರುಚಿ ನೋಡೋನು.”

“ನೋಡಿ, ಬೇಡ ಅನ್ನಲ್ಲ. ನುಂಗ್ಬೇಡಿ ಅಷ್ಟೆ.”

ಮನೆಗೆ ಬಂದು ಹೆಂಡತಿಗೆ ಹೇಳಿದ. ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಅವರಿಬ್ಬರೇ. ಅವಳು ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತಲಿಲ್ಲ.

“ನಮ್ಮಪ್ಪ ಸಾಯೋ ದಿನಾನೂ ಹಾಲು ಕುಡಿದೇ ಸತ್ತಿದ್ದು. ನಮ್ಮನೇಲಿ ಯಾರಿಗೂ ಇಲ್ಲದ ರೋಗ ನಿಮಗೆಲ್ಲಿಂದ ಬಂತು?”

“ನಾನು ನಿಮ್ಮನೇಲಿ ಹುಟ್ಟಿದೋನಲ್ವಲ್ಲ.”

“ಹೂಂ. ಅದು ಕಾಣ್ತಾ ಇದೆ.”

ಮಾತು ಅಲ್ಲಿಗೇ ನಿಂತಿತು. ಮುನಿಸು ಮಾತ್ರ ಮುಂದುವರಿಯಿತು. ಮರುದಿನದಿಂದ ಅವಳು ಅವನ ಲೋಟಕ್ಕೆ ಬರಿ ಕರಿ ಟೀ ಸುರಿದು, ಮೇಜಿನ ಆ ತುದಿಯಿಂದ ಈ ತುದಿಗೆ ತಳ್ಳತೊಡಗಿದಳು. ಕಷಾಯದಂಥ ಆ ಟೀಯನ್ನು ಎರಡು ವಾರ ಹಲ್ಲು ಕಚ್ಚಿಕೊಂಡು ಕುಡಿದ. ಮೂರನೇ ವಾರ ಅಂಗಡಿಯಿಂದ, ಹಸುವಿನ ಹಾಲು ಬೆರೆಸದೆ ಬರಿ ಬಾದಾಮಿಯಿಂದಲೇ ಮಾಡಿದ ಹಾಲಿನ ಒಂದು ಪೊಟ್ಟಣ ತಂದ. ಒಂದು ಗುಟುಕು ಬಾಯಲ್ಲಿ ಆಡಿಸಿ ಸಿಂಕಿಗೆ ಉಗುಳಿದ. ಬಾದಾಮಿ ಹೆಸರಿಗಷ್ಟೆ, ಉಳಿದದ್ದು ನೀರು, ಸಕ್ಕರೆ, ಅಂಟು. ಇದು ಕಟ್ಟೆಗೆ ಬಂದಿದ್ದರೆ ಕ್ಯಾನಿನ ತುಂಬ ಗೀಟು ಎಳೆಯುತ್ತಿದ್ದೆ ಅಂದುಕೊಂಡ. ಆದರೆ ಆ ಅಂಟಿನ ಹಿಂದೆ ಎಲ್ಲೋ ಒಂದು ತೆಳು ಸಿಹಿ ಅಡಗಿತ್ತು. ಅದು ಅವನನ್ನು ಬಿಡಲಿಲ್ಲ.

ತಾನೇ ಮಾಡುವುದೆಂದು ಹಟಕ್ಕೆ ಬಿದ್ದ. ಬಾದಾಮಿ ನೆನೆಸಿ, ಸಿಪ್ಪೆ ಸುಲಿದು, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿದ. ಮೊದಲ ಸಲ ಕಹಿ. ನೆನೆಸಿದ ನೀರನ್ನೇ ಹಾಕಿ ರುಬ್ಬಿದ್ದು ತಪ್ಪು. ಎರಡನೇ ಸಲ ಹಿಂಡಿದ ಬಟ್ಟೆ ದಪ್ಪ ನೇಯ್ಗೆಯದು, ಹಾಲೆಲ್ಲ ಬಟ್ಟೆಯೇ ಕುಡಿದಿತ್ತು. ಕಡಲೆಕಾಯಿ ಬೀಜದ ಹಾಲಿನಲ್ಲಿ ಹಸಿವಾಸನೆ. ಬೀಜವನ್ನು ಹದವಾಗಿ ಹುರಿದು ಮಾಡಿದಾಗ ಅದು ಹೋಯಿತು. ಅಕ್ರೋಟಿನ ಹಾಲು ನಾಲಿಗೆಯ ಬದಿಗಳನ್ನು ಒಗರು ಮಾಡುತ್ತಿತ್ತು. ಗೋಡಂಬಿಯದು ಮಾತ್ರ ಮೊದಲ ಸಲವೇ ಒಲಿಯಿತು. ಹಿಂಡುವ ಗೋಜೇ ಇಲ್ಲ. ತಣ್ಣೀರಿನಲ್ಲಿ ನುಣ್ಣಗೆ ರುಬ್ಬಿ ಚಿಟಿಕೆ ಉಪ್ಪು ಹಾಕಿದ. ಕಾಫಿಗೆ ಸುರಿದಾಗ ಅದು ಬಿಳಿ ಮೋಡದಂತೆ ಕೆಳಗಿಳಿದು, ಆಮೇಲೆ ನಿಧಾನವಾಗಿ ಮೇಲೆ ಬಂದು ಬೆರೆಯಿತು. ಕುಡಿದ. ಇನ್ನೊಮ್ಮೆ ಕುಡಿದ. ಅರ್ಧ ಗಂಟೆ ಕಾದ. ಹೊಟ್ಟೆ ತೆಪ್ಪಗಿತ್ತು. ಎಷ್ಟೋ ತಿಂಗಳ ಮೇಲೆ ಅವನು ಖಾಲಿ ಲೋಟದ ತಳ ನೋಡಿ ನಕ್ಕ.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ನನ್ನ ಮಿಕ್ಸಿಗೆ ಅದನ್ನ ಹಾಕಿದ್ರಾ?”

“ತೊಳೆದಿಟ್ಟಿದ್ದೀನಿ.”

ಅವಳು ಜಾರನ್ನು ಮತ್ತೆ ಮೂರು ಸಲ ತೊಳೆದಳು. ಮಿಕ್ಸಿಯ ವೈರನ್ನು ಸುತ್ತಿ, ತನ್ನ ಸೀರೆಗಳ ಬೀರುವಿನೊಳಗಿಟ್ಟು ಬೀಗ ಹಾಕಿದಳು. ಅವನು ಸಂಜೆಯೇ ಹೋಗಿ ಇನ್ನೊಂದು ಮಿಕ್ಸಿ ತಂದ. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ಎರಡು ಮಿಕ್ಸಿ, ಎರಡು ಪಾತ್ರೆ, ಎರಡು ಸೋಸುವ ಬಟ್ಟೆ; ಅವಳ ಮಿಕ್ಸಿ ಮಾತ್ರ ಕೆಲಸ ಮುಗಿದ ಕೂಡಲೇ ಮತ್ತೆ ಬೀರುವಿಗೆ. ಬೆಳಿಗ್ಗೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ತಮ್ಮ ತಮ್ಮ ಕಾಫಿ ಮಾಡಿಕೊಳ್ಳುತ್ತಿದ್ದರು. ಅವಳು ಅವನ ಹಾಲಿನ ಜಗ್ಗನ್ನು ಫ್ರಿಜ್ಜಿನಿಂದ ತೆಗೆದು ಹೊರಗಿಟ್ಟು ಮರೆತಂತೆ ಮಾಡುತ್ತಿದ್ದಳು. ಸಂಜೆಯ ಹೊತ್ತಿಗೆ ಅದು ಹುಳಿ. ಅವನು ಏನೂ ಅನ್ನದೆ ಚೆಲ್ಲಿ, ಮತ್ತೆ ಗೋಡಂಬಿ ನೆನೆಹಾಕುತ್ತಿದ್ದ. ಅವನು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಬೈಯುತ್ತಿರಲಿಲ್ಲ.

ಒಂದು ಭಾನುವಾರ ಮೇಲ್ವಿಚಾರಕ ಮನೆಗೆ ಬಂದ. ತಂಗಿ ಮೊದಲೇ ಕಿವಿ ತುಂಬಿದ್ದಳು. ಅವನು ಚಪ್ಪಲಿ ಬಿಟ್ಟವನೇ ನೇರ ಅಡುಗೆಮನೆಗೆ ನಡೆದು, ಜಗ್ಗಿನ ಮುಚ್ಚಳ ತೆಗೆದು ಮೂಸಿದ.

“ಏನ್ರೀ ಭಾವ ಇದು? ಡೈರಿ ಸಂಬಳ ತಗೊಂಡು ಬೀಜ ತೊಳೆದ ನೀರು ಕುಡೀತಿದ್ದೀರಂತೆ?”

“ಒಂದು ಲೋಟ ಕೊಡ್ಲಾ ಭಾವ? ಚೆನ್ನಾಗಿದೆ.”

“ಇದನ್ನ ಹಾಲು ಅಂತೀರಾ?”

“ಏನು ಬೇಕಾದ್ರೂ ಅನ್ನಿ. ನನಗೆ ರುಚಿಸುತ್ತೆ.”

ಆ ಒಂದು ಮಾತಿಗೆ ಮೇಲ್ವಿಚಾರಕನ ಮುಖ ಕಪ್ಪಿಟ್ಟಿತು. ಹೊಟ್ಟೆಗೆ ಆಗುವುದಿಲ್ಲ, ವಿಧಿಯಿಲ್ಲದೆ ಕುಡಿಯುತ್ತೇನೆ ಎಂದಿದ್ದರೆ ಅವನು ಸುಮ್ಮನಾಗುತ್ತಿದ್ದ. ರುಚಿಸುತ್ತದೆ ಎಂದದ್ದು ಸಹಿಸಲಾಗಲಿಲ್ಲ. ಜಗ್ಗನ್ನೆತ್ತಿ ಸಿಂಕಿನಲ್ಲಿ ಬೋರಲು ಹಾಕಿದ.

“ಹಾಲಿಂದ ಬದುಕಿದ ಮನೆ ಇದು. ನೀನು ಉಟ್ಟಿರೋ ಬಟ್ಟೇನೂ ಹಾಲಿಂದ ಬಂದಿದ್ದು. ನೆನಪಿರಲಿ.”

ಮೂವತ್ತು ವರ್ಷ ‘ನೀವು’ ಎಂದ ಬಾಯಿ ಅಂದು ‘ನೀನು’ ಅಂದಿತ್ತು. ಮೂವರಿಗೂ ಅದು ಕೇಳಿಸಿತ್ತು. ಹೆಂಡತಿ ಏನಾದರೂ ಅಂದಾಳೆಂದು ಅವನು ಅವಳ ಕಡೆ ನೋಡಿದ. ಅವಳು ಅಣ್ಣನಿಗೆ ಕಾಫಿ ಬೆರೆಸಲು ಹಸುವಿನ ಹಾಲು ಕಾಯಿಸುತ್ತಿದ್ದಳು.

“ಪಾತ್ರೆ ತೊಳೆದಿಟ್ಟು ಹೋಗು ಭಾವ,” ಎಂದ ಅವನು. ಅವನೂ ಅಂದೇ ‘ನೀವು’ ಬಿಟ್ಟ.

ಸೋಮವಾರ ಡೈರಿಯಲ್ಲಿ ಅವನ ಹೆಸರು ಬದಲಾಗಿತ್ತು. ‘ನಾಲಿಗೆ’ ಹೋಗಿ ‘ಗೋಡಂಬಿ’ ಬಂದಿತ್ತು. ಅವನ ಸ್ಟೂಲಿನ ಮೇಲೆ ದಿನಾ ಯಾರೋ ಕಡಲೆಕಾಯಿ ಸಿಪ್ಪೆ ಸುರಿದಿಡುತ್ತಿದ್ದರು. ಕ್ಯಾನು ತೊಳೆಯುವ ಹೆಂಗಸು, ಬಾಯಲ್ಲೇ ಊರನ್ನು ಗುಡಿಸುವಂಥವಳು, ಅವನು ಹಾದುಹೋದಾಗಲೆಲ್ಲ “ಗೋಡಂಬಿಗೆ ಕೆಚ್ಚಲು ಎಲ್ಲಿರುತ್ತೆ ಸ್ವಾಮಿ?” ಎಂದು ಕೇಳುತ್ತಿದ್ದಳು. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವನು ಸಿಪ್ಪೆ ಕೊಡವಿ ಕೂರುತ್ತಿದ್ದ, ರುಚಿ ನೋಡುತ್ತಿದ್ದ, ಉಗುಳುತ್ತಿದ್ದ. ಈಗ ಒಂದು ಹನಿಯನ್ನೂ ನುಂಗುತ್ತಿರಲಿಲ್ಲ. ವಿಚಿತ್ರವೆಂದರೆ ನಾಲಿಗೆ ಮೊದಲಿಗಿಂತ ಚುರುಕಾಗಿತ್ತು. ಅದನ್ನು ಹೇಳಿದರೆ ಕೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಒಂದೇ ಕೊಟ್ಟಿಗೆಯ ಆರು ಕ್ಯಾನುಗಳು ಬಂದವು. ಮೊದಲ ಗುಟುಕಿಗೇ ನಾಲಿಗೆಯ ತುದಿಯಲ್ಲಿ ಉಪ್ಪು. ಕೆಚ್ಚಲು ಬಾವಿನ ಹಸುವಿನ ಹಾಲು. ಅದರ ಹಿಂದೆ ಔಷಧದಂಥ ಕಹಿಯೂ ಇದೆಯೆನಿಸಿತು. ಆರಕ್ಕೆ ಆರೂ ಗೀಟು ಎಳೆದ.

ಆ ಕೊಟ್ಟಿಗೆ ಮೇಲ್ವಿಚಾರಕನ ಬೀಗರದು. ಅವನ ಮಗಳನ್ನು ಕೊಟ್ಟದ್ದು ಆ ಮನೆಗೆ.

“ಬೀಜ ತಿಂದು ತಿಂದು ನಿನ್ನ ಬಾಯೇ ಉಪ್ಪಾಗಿದೆ,” ಎಂದ ಮೇಲ್ವಿಚಾರಕ. “ಯಂತ್ರದಲ್ಲಿ ಎಲ್ಲ ಸರಿಯಾಗೇ ಇದೆ.”

“ಯಂತ್ರ ಉಪ್ಪು ನೋಡಲ್ಲ, ಔಷಧಾನೂ ನೋಡಲ್ಲ. ಲ್ಯಾಬಿಗೆ ಕಳಿಸು, ನಾಳೆ ಗೊತ್ತಾಗುತ್ತೆ.”

“ನನಗೆ ಪಾಠ ಹೇಳ್ಬೇಡ. ಮುಂದಿನ ಲಾರಿ ನೋಡು ಹೋಗು.”

ಅವನು ಮುಂದಿನ ಲಾರಿಗೆ ಹೋದ. ತಿರುಗಿ ಬರುವಷ್ಟರಲ್ಲಿ ಆರೂ ಕ್ಯಾನು ಖಾಲಿಯಾಗಿ ತೊಳೆಯುವ ಸಾಲಿನಲ್ಲಿದ್ದವು. ಮೈಮೇಲೆ ಸೀಮೆಸುಣ್ಣದ ಗುರುತೇ ಇರಲಿಲ್ಲ.

ಮರುದಿನ ಮೊಸರು ಹೆಪ್ಪುಗಟ್ಟಲಿಲ್ಲ. ದೊಡ್ಡ ತೊಟ್ಟಿಯ ತುಂಬ ನೀರು ನೀರಾದ ಬಿಳಿ ದ್ರವ. ಲ್ಯಾಬಿನವರು ನೋಡಿ, ಹಸುವಿಗೆ ಕೊಟ್ಟ ಔಷಧ ಹಾಲಿನಲ್ಲಿದೆ, ಅದೇ ಹೆಪ್ಪನ್ನು ಕೊಂದಿದೆ ಎಂದರು. ಇಡೀ ತೊಟ್ಟಿಯನ್ನು ಮೋರಿಗೆ ಬಿಟ್ಟರು. ಆ ಹಾಲನ್ನು ಒಳಗೆ ಬಿಟ್ಟವರು ಯಾರು, ನಾಳೆ ಬೆಳಿಗ್ಗೆ ನನ್ನ ಮುಂದೆ ಹೇಳಬೇಕು ಎಂದು ಮ್ಯಾನೇಜರಮ್ಮ ಆಜ್ಞೆ ಮಾಡಿದರು.

ಅಂದು ಸಂಜೆ ಮೇಲ್ವಿಚಾರಕ ಮತ್ತೆ ಮನೆಗೆ ಬಂದ. ಈ ಸಲ ಅಡುಗೆಮನೆಗೆ ಹೋಗಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತು ನೆಲ ನೋಡಿದ. ಮಾತಾಡಿದವಳು ತಂಗಿ.

“ಅಣ್ಣಂಗೆ ಇನ್ನು ಎಂಟು ತಿಂಗಳ ಸರ್ವೀಸು. ಈಗ ಹೆಸರು ಕೆಟ್ರೆ ಎಲ್ಲ ಹೋಯ್ತು. ನಾಲಿಗೆ ಸರಿ ಇರ್ಲಿಲ್ಲ, ಗೊತ್ತಾಗ್ಲಿಲ್ಲ ಅಂತ ಒಂದು ಮಾತು ಹೇಳಿಬಿಡಿ. ನಿಮ್ಮನ್ನ ಬೇರೆ ಕಡೆ ಹಾಕ್ತಾರೆ, ಅಷ್ಟೇ ತಾನೆ?”

“ನಾನು ಆರು ಗೀಟು ಎಳೆದಿದ್ದೆ.”

“ಯಾರು ನೋಡಿದ್ರು? ನೀವು ಆ ನೀರು ಕುಡಿಯೋದು ಇಡೀ ಡೈರಿಗೆ ಗೊತ್ತು. ನಾಲಿಗೆ ಕೆಟ್ಟಿದೆ ಅಂದ್ರೆ ಎಲ್ಲರೂ ನಂಬ್ತಾರೆ.”

ಕೆಲಸ ಹೋದರೆ ಹೋಗಲಿ ಅಂದುಕೊಂಡ ಅವನು. ಬೆಳಗಿನ ಆ ಒಂದು ಲೋಟ, ತಾನು ತಿಂಗಳುಗಟ್ಟಲೆ ತಿದ್ದಿ ತೀಡಿ ಕಂಡುಕೊಂಡ ಆ ರುಚಿ, ಅದನ್ನೇ ಸಾಕ್ಷಿ ಮಾಡಿ ತನ್ನ ತಲೆಗೆ ತಪ್ಪು ಕಟ್ಟಲು ಹೊರಟಿದ್ದಾರಲ್ಲ!

“ಭಾವ, ತಲೆ ಎತ್ತು,” ಎಂದ. “ಗೀಟು ಒರೆಸಿದ್ದು ಯಾರು?”

ಮೇಲ್ವಿಚಾರಕ ತಲೆ ಎತ್ತಲಿಲ್ಲ. “ಕೆಲಸ ಕೊಡಿಸಿದೋನು ನಾನು,” ಎಂದ ಮೆಲ್ಲಗೆ.

ಇಪ್ಪತ್ತೆರಡು ವರ್ಷ ನುಂಗಿಕೊಂಡಿದ್ದ ಆ ಮಾತು ಕೊನೆಗೂ ಹೊರಗೆ ಬಿತ್ತು. ಅದು ಬಿದ್ದ ಮೇಲೆ ಇವನಿಗೆ ಹಗುರವೇ ಆಯಿತು. “ಹಾಗಾದ್ರೆ ಆ ಕೆಲಸಾನೇ ಮಾಡ್ತೀನಿ ಬಿಡು,” ಎಂದು ಎದ್ದು ಒಳಗೆ ಹೋದ.

ಮರುದಿನ ಮ್ಯಾನೇಜರಮ್ಮನ ಕೋಣೆಯಲ್ಲಿ ನಡೆದದ್ದನ್ನು ನಡೆದಂತೆಯೇ ಹೇಳಿದ. ಮೇಲ್ವಿಚಾರಕ ಅಲ್ಲಗಳೆದ. ಇವನ ನಾಲಿಗೆ ಕೆಟ್ಟು ತಿಂಗಳುಗಳಾದವು, ಬೇಕಾದರೆ ಯಾರನ್ನಾದರೂ ಕೇಳಿ ಎಂದ. ಮ್ಯಾನೇಜರಮ್ಮ ನಿಜವಾಗಿಯೂ ಕೇಳಿದರು. ಕ್ಯಾನು ತೊಳೆಯುವ ಹೆಂಗಸನ್ನು ಕರೆಸಿದರು. ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು.

“ಈ ಗೋಡಂಬಿ ಕಂಡ್ರೆ ನನಗೆ ಆಗಲ್ಲಮ್ಮ,” ಎಂದಳು. “ಹಾಲಿನ ಕ್ಯಾನು ತೊಳೆದ ಕೈ ನಂದು, ಆ ಬೀಜದ ಮಾತು ಕೇಳಿದ್ರೇ ಮೈ ಉರಿಯುತ್ತೆ. ಆದ್ರೆ ಇವರು ಗೀಟು ಎಳೆದಿದ್ದನ್ನ ನೋಡ್ದೆ. ಸಾಹೇಬ್ರು ನನ್ನ ಹತ್ರಾನೇ ಒದ್ದೆ ಬಟ್ಟೆ ಇಸ್ಕೊಂಡು ಒರೆಸಿದ್ದನ್ನೂ ನೋಡ್ದೆ. ಇಲ್ಲ ಅನ್ನೋಕಾಗಲ್ಲ.”

ಮೇಲ್ವಿಚಾರಕನನ್ನು ಕಟ್ಟೆಯಿಂದ ಎತ್ತಿ, ಉಳಿದ ಎಂಟು ತಿಂಗಳಿಗೆ ಪೊಟ್ಟಣಗಳ ಗೋದಾಮಿನಲ್ಲಿ ಕೂರಿಸಿದರು. ಅವನ ಬೀಗರ ಹಾಲನ್ನು ಆರು ತಿಂಗಳು ನಿಲ್ಲಿಸಿದರು. ಇವನು ತನ್ನ ಸ್ಟೂಲಿಗೆ ಹೋದ. ಸ್ಟೂಲಿನ ಮೇಲೆ ಅಂದೂ ಸಿಪ್ಪೆ ಇತ್ತು. ಆಮೇಲೆ ಕ್ಯಾನು ತೊಳೆಯುವಲ್ಲಿಗೆ ಹೋಗಿ ಆ ಹೆಂಗಸಿಗೆ ಉಪಕಾರವಾಯಿತೆಂದು ಹೇಳಲು ಬಾಯಿ ತೆರೆದರೆ, ಅವಳು “ಹೋಗ್ರೀ, ನಿಮಗೋಸ್ಕರ ಹೇಳಿದ್ದಲ್ಲ” ಎಂದು ಪೈಪಿನ ನೀರನ್ನು ಅವನ ಕಾಲಿನ ಕಡೆಗೇ ತಿರುಗಿಸಿದಳು.

ಮನೆಗೆ ಬಂದಾಗ ಹೆಂಡತಿ ಬ್ಯಾಗು ಕಟ್ಟಿಕೊಂಡಿದ್ದಳು.

“ನಮ್ಮಣ್ಣನ ಅನ್ನಕ್ಕೆ ಕಲ್ಲು ಹಾಕಿದ್ರಿ.”

“ಅವನು ನನ್ನ ಅನ್ನಕ್ಕೆ ಹಾಕೋಕೆ ಬಂದಿದ್ದ. ನೀನೂ ಜೊತೆಗಿದ್ದೆ.”

ಅವಳು ಬ್ಯಾಗು ಎತ್ತಿಕೊಂಡು ಹೊರಟಳು. ಅಣ್ಣನ ಮನೆಗೆ ಹೋದವಳು ಇಪ್ಪತ್ತು ದಿನ ಬರಲಿಲ್ಲ. ಅವನು ಕರೆಯಲೂ ಹೋಗಲಿಲ್ಲ. ಆ ಇಪ್ಪತ್ತು ದಿನ ಅಡುಗೆಮನೆ ಪೂರ್ತಿ ಅವನದಾಗಿತ್ತು. ಬಾದಾಮಿ ಮತ್ತು ಗೋಡಂಬಿಯನ್ನು ಅರ್ಧರ್ಧ ಬೆರೆಸುವುದನ್ನು ಕಲಿತ. ತುಂಬ ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತೆಂದರೆ, ಇನ್ನೊಬ್ಬರಿಗೆ ಕೊಟ್ಟು ‘ಹೇಗಿದೆ?’ ಎಂದು ಕೇಳಬೇಕೆನಿಸಿತು. ಕೇಳಲು ಗೋಡೆಗಳಿದ್ದವು.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಅವಳು ಬಂದಳು. ಬ್ಯಾಗು ಕೆಳಗಿಟ್ಟು, “ನಿಮಗೋಸ್ಕರ ಬಂದಿದ್ದಲ್ಲ. ಇದು ನನ್ನ ಮನೆ, ಅದಕ್ಕೆ ಬಂದೆ,” ಎಂದಳು. ಮುಖ ಸೊರಗಿತ್ತು. ಅಣ್ಣನ ಮನೆಯಲ್ಲೂ ಅವಳಿಗೆ ಮರ್ಯಾದೆ ಸಿಕ್ಕಿರಲಿಲ್ಲವೆಂದು ಅವನಿಗೆ ಅರ್ಥವಾಯಿತು. ಆದರೆ ಕೇಳಲು ಮನಸ್ಸು ಬರಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ಅವನು ಕಾಫಿ ಮಾಡುತ್ತಿದ್ದ. ಯಾಕೋ ಏನೋ, ಎರಡು ಲೋಟ ಮಾಡಿದ. ಒಂದನ್ನು ಅವಳ ಮುಂದಿಟ್ಟ. ಅವಳು ಅದನ್ನು ಎತ್ತಿ ಮೂಸಿದಳು. ಒಂದು ಕ್ಷಣ ತುಟಿಯ ಹತ್ತಿರಕ್ಕೂ ಒಯ್ದಳು. ಆಮೇಲೆ ಹಾಗೇ ಕೆಳಗಿಟ್ಟು, ತನ್ನ ಮಿಕ್ಸಿ ತೆಗೆಯಲು ಬೀರುವಿನ ಬೀಗದ ಕೈ ಹುಡುಕುತ್ತ ಒಳಗೆ ಹೋದಳು.

“ಸತ್ರೂ ಕುಡಿಯಲ್ಲ,” ಎಂದಳು ಒಳಗಿನಿಂದ.

“ಕುಡೀಬೇಡ,” ಎಂದ ಅವನು.

ಕಿಟಕಿಯ ಹತ್ತಿರ ನಿಂತು ತನ್ನದನ್ನು ಕುಡಿದ. ಆಮೇಲೆ, ಆರಿ ಹೋಗುವ ಮೊದಲೇ, ಅವಳ ಲೋಟದ್ದನ್ನೂ ಕುಡಿದ.