ಅಕ್ಷರ ದೊಡ್ಡದಾದ ಸಂಜೆ

ಗೌತಮಿಗೆ ಫಾಂಟಿನ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಸಾದಲಿ ಹತ್ತಿರದ ಒಂದು ಊರಿನ ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ಅವಳು. ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಕಾರ್ಯದರ್ಶಿ ಚೆನ್ನರಾಯಪ್ಪನವರು ಹಾಲು ಅಳೆದು, ಪರೀಕ್ಷೆಯ ಮಿಷನ್ನಿಗೆ ಒಂದು ಗುಟುಕು ಕುಡಿಸಿ, ಲೀಟರ್ ಇಷ್ಟು, ಫ್ಯಾಟ್ ಇಷ್ಟು ಎಂದು ಕೂಗುತ್ತಾರೆ. ಇವಳು ಒತ್ತುತ್ತಾಳೆ, ಚೀಟಿ ಹೊರಬರುತ್ತದೆ. ಒಬ್ಬೊಬ್ಬರಿಗೂ ಪರದೆಯ ಮೇಲೆ ಒಂದು ಚಿಕ್ಕ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಸದಸ್ಯರ ಸಂಖ್ಯೆ, ಹಾಲಿನ ಪ್ರಮಾಣ, ಕೊಬ್ಬಿನ ಅಂಶ ಎಂದು ಖಾನೆಗಳ ಪಕ್ಕ ಬರೆದಿರುತ್ತದೆ. ಯಾವ ಪುಣ್ಯಾತ್ಮ ಅದನ್ನು ಅಷ್ಟು ಸಣ್ಣಗೆ ಬರೆದನೋ, ಒತ್ತಕ್ಷರ ಯಾವುದು ಕೊಳೆ ಯಾವುದು ಎಂದು ತಿಳಿಯದಷ್ಟು ಸಣ್ಣಗೆ.

ಫಾಂಟನ್ನು ಬೈದರೆ ಒಂದು ಅನುಕೂಲವಿತ್ತು. ಕಣ್ಣನ್ನು ಬೈಯಬೇಕಾಗಿರಲಿಲ್ಲ.

ಹೋದ ವರ್ಷ ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರ ಹತ್ತಿರ ಅವಳು ಒಬ್ಬಳೇ ಹೋಗಿಬಂದಿದ್ದಳು. ಕಣ್ಣಿನ ನಡುಭಾಗ ಸವೆಯುತ್ತಿದೆ, ಇದಕ್ಕೆ ಕನ್ನಡಕವೂ ಇಲ್ಲ ಔಷಧಿಯೂ ಇಲ್ಲ ಎಂದು ಅವರು ಹೇಳಿದರು. ಎದ್ದು ಬರುವಾಗ, ಅಕ್ಷರ ದೊಡ್ಡದು ಮಾಡಿಕೊಂಡರೆ ಸ್ವಲ್ಪ ಕಾಲ ಹೇಗೋ ನಡೆಯುತ್ತದೆ ಎಂದೂ ಸೇರಿಸಿದರು. ಗೌತಮಿ ಮೊದಲನೆಯ ಮಾತನ್ನು ಅಲ್ಲೇ ಬಿಟ್ಟು, ಎರಡನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ಬಸ್ ಹತ್ತಿದಳು. ಮನೆಯಲ್ಲಿ ಅವ್ವ ಕೊಂಡಮ್ಮನಿಗೂ ಹೇಳಲಿಲ್ಲ.

ಹೇಳುವುದಾದರೂ ಹೇಗೆ? ಕೊಂಡಮ್ಮ ಹೊಸದಾಗಿ ಹಸು ಕಟ್ಟಿದ ಕಾಲದಲ್ಲಿ ಅವರ ಕೇರಿಯವರ ಹಾಲನ್ನು ಊರಿನವರದೆಲ್ಲ ಮುಗಿದ ಮೇಲೆ ಅಳೆಯುತ್ತಿದ್ದರು. ಅದಕ್ಕೆ ಯಾರೂ ಕಾರಣ ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಈಗ ಅದೇ ಕೇರಿಯ ಹುಡುಗಿ ಕುರ್ಚಿಯ ಮೇಲೆ ಕೂತು ಊರಿನ ಹಾಲನ್ನೆಲ್ಲ ಬರೆದುಕೊಳ್ಳುತ್ತಾಳೆ. ಕೊಂಡಮ್ಮ ದಿನಾ ಬೇಕೆಂದೇ ಸಾಲಿನ ನಡುವೆ ಬಂದು ನಿಂತು, ತನ್ನ ಸರದಿ ಬರುವತನಕ ಮಗಳನ್ನೇ ನೋಡುತ್ತಿರುತ್ತಾಳೆ. ಆ ಕುರ್ಚಿ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ ಎಂದು ಗೌತಮಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾಗಿ ಅವಳು ಕಣ್ಣನ್ನು ಬಿಟ್ಟು ಕೈಯನ್ನು ನಂಬಿದ್ದಳು. ಮೊದಲು ಸಂಖ್ಯೆ, ಆಮೇಲೆ ಲೀಟರ್, ಆಮೇಲೆ ಫ್ಯಾಟ್. ಒಂದರಿಂದ ಒಂದಕ್ಕೆ ಹೋಗಲು ಯಾವ ಕೀಲಿ, ಉಳಿಸಲು ಯಾವ ಕೀಲಿ, ಎಲ್ಲ ಬೆರಳಿಗೇ ಬರುತ್ತಿತ್ತು. ಜನರನ್ನು ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ, ಕ್ಯಾನು ಇಡುವ ರೀತಿಯಿಂದ ಗುರುತಿಸುತ್ತಿದ್ದಳು. ನೇರವಾಗಿ ನೋಡಿದ ಕಡೆಯೆಲ್ಲ ಬೂದು ಮಚ್ಚೆಯೊಂದು ಕೂರುತ್ತಿತ್ತು. ಸುತ್ತಲಿನದು ಕಾಣುತ್ತಿತ್ತು, ನೋಡಬೇಕಾದದ್ದು ಮಾತ್ರ ಕಾಣುತ್ತಿರಲಿಲ್ಲ. ಆದರೂ ಅವಳ ಚೀಟಿ ಒಂದೂ ತಪ್ಪಿರಲಿಲ್ಲ. ಸಾಲಿನ ಮುಂದೆಯೇ ನಿಲ್ಲುವ ಅಮ್ಮಾಜಮ್ಮ ಅವಳ ಕೈಯನ್ನು ಹೊಗಳಿದಾಗಲೆಲ್ಲ ಅವಳಿಗೆ ಒಳಗೊಳಗೇ ಭಯವಾಗುತ್ತಿತ್ತು. ಕೈಯನ್ನೇ ನಂಬಿ ಎಷ್ಟು ದಿನ ಕೂರಲಾದೀತು? ಅಕ್ಷರ ದೊಡ್ಡದಾದರೆ ಎಲ್ಲರಂತೆ ಓದಿ ಕೆಲಸ ಮಾಡಬಹುದು, ಕಳ್ಳಿಯಂತೆ ಬದುಕುವುದು ತಪ್ಪುತ್ತದೆ ಎಂದು ಅವಳ ಆಸೆ.

ಕಂಪ್ಯೂಟರಿನ ಸೆಟ್ಟಿಂಗ್‌ಗೆ ಹೋಗಿ ಅಕ್ಷರ ಹಿಗ್ಗಿಸಿ ನೋಡಿದಳು. ಮಿಕ್ಕಿದ್ದೆಲ್ಲ ಹಿಗ್ಗಿತು, ಡೈರಿಯ ಆ ಹಾಳು ಕಿಟಕಿ ಮಾತ್ರ ಇದ್ದಷ್ಟೇ ಇತ್ತು. ಸಾಫ್ಟ್‌ವೇರ್ ಬರೆದ ಭಾನುಪ್ರಕಾಶನ ಅಂಗಡಿ ಚಿಂತಾಮಣಿಯಲ್ಲಿ. ಫೋನ್ ಮಾಡಿದರೆ ಆತ ನಕ್ಕ. ಲೇಬಲ್ಲುಗಳ ಫಾಂಟು ಪ್ರೋಗ್ರಾಮಿನ ಒಳಗೇ ಕೂತಿದೆ, ಒಂದೊಂದನ್ನೂ ಹುಡುಕಿ ಬದಲಿಸಬೇಕು, ಗೌರಿಬಿದನೂರಿನ ಕಡೆಯ ಡೈರಿಗಳಲ್ಲೂ ಇದೇ ಓಡುತ್ತಿದೆ, ಯಾರೂ ಕೇಳಿಲ್ಲ ಎಂದ. ಗೌತಮಿ ಬಿಡಲಿಲ್ಲ. ದಸರಾಕ್ಕೆ ಎಂದ, ಸಂಕ್ರಾಂತಿಗೆ ಎಂದ, ಯುಗಾದಿಯೂ ಕಳೆಯಿತು. ಅಷ್ಟರಲ್ಲಿ ಮಚ್ಚೆಯೂ ಸುಮ್ಮನಿರಲಿಲ್ಲ, ತನ್ನ ಪಾಡಿಗೆ ಅಗಲವಾಗುತ್ತಾ ಹೋಯಿತು.

ಕೊನೆಗೊಂದು ದಿನ ಭಾನುಪ್ರಕಾಶ್ ಬಂದೇಬಿಟ್ಟ. ಮಧ್ಯಾಹ್ನವೆಲ್ಲ ಕೂತು ಕೆಲಸ ಮುಗಿಸಿ, ಅಕ್ಷರಗಳು ಈಗ ಹೆಬ್ಬೆರಳಿನಷ್ಟಿವೆ ಎಂದು ಹೆಮ್ಮೆಯಿಂದ ಹೇಳಿದ. ಸಂಜೆಯ ಹಾಲಿಗೆ ಹೇಗೆ ನಡೆಯುತ್ತದೋ ನೋಡಿಯೇ ಹೊರಡುತ್ತೇನೆ ಎಂದು ಅಲ್ಲೇ ನಿಂತ. ಆಗಲೇ ಜನ ಸೇರಿದ್ದರು. ಅಮ್ಮಾಜಮ್ಮನ ಕ್ಯಾನು ಮಿಷನ್ ಪಕ್ಕ ಕೂತಿತು.

ಕಿಟಕಿ ತೆರೆಯಿತು. ಗೌತಮಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕಣ್ಣರಳಿಸಿ ನೋಡಿದಳು. ಅಷ್ಟು ದೊಡ್ಡ ಅಕ್ಷರಗಳನ್ನೂ ಮಚ್ಚೆ ಇಡಿಯಾಗಿ ನುಂಗಿ ಕೂತಿತ್ತು. ತಲೆ ಓರೆ ಮಾಡಿದಳು. ಒಂದು ಕೊಂಬು, ಒಂದು ಇಳಿ ಕಂಡು ಮರೆಯಾದವು. ಅಷ್ಟರಲ್ಲಿ ಚೆನ್ನರಾಯಪ್ಪನವರು ಕೂಗಿದರು, ಬೆರಳುಗಳು ಎಂದಿನಂತೆ ತಮ್ಮಷ್ಟಕ್ಕೆ ಓಡಿದವು, ಚೀಟಿ ಬಂತು.

ಅಮ್ಮಾಜಮ್ಮ ಚೀಟಿ ನೋಡಿ, "ಇದೇಮಮ್ಮಾ ಗೌತಮಿ? ಒಂಬತ್ತು ಲೀಟರ್ ಹಾಕಿದೀನಿ, ನಾಲ್ಕು ಅಂತ ಬಂದದೆ. ಫ್ಯಾಟು ಒಂಬತ್ತಂತೆ. ನಮ್ಮ ಹಸು ತುಪ್ಪ ಕೊಡ್ತದಾ?" ಎಂದಳು.

ಸಾಲಿನಲ್ಲಿ ನಗು ಎದ್ದಿತು. ಭಾನುಪ್ರಕಾಶ್ ಬಗ್ಗಿ ನೋಡಿ, ಅಯ್ಯೋ ಅದೇನಿಲ್ಲ ಎಂದ. ಅಕ್ಷರ ದೊಡ್ಡದಾದ ಮೇಲೆ ಲೇಬಲ್ಲುಗಳು ಹಳೆಯ ಜಾಗದಲ್ಲಿ ಹಿಡಿಸಲಿಲ್ಲವಂತೆ. ಅದಕ್ಕೇ ಖಾನೆಗಳನ್ನು ಅತ್ತಿತ್ತ ಸರಿಸಿದ್ದನಂತೆ. ಸಂಖ್ಯೆಯಾದ ಮೇಲೆ ಈಗ ಫ್ಯಾಟ್ ಮೊದಲು, ಲೀಟರ್ ಅದರ ಕೆಳಗೆ. ಓದಿಕೊಂಡು ತುಂಬಿದರೆ ತಪ್ಪೇ ಆಗುವುದಿಲ್ಲ ಎಂದು ಅವಳಿಗೆ ಸಮಾಧಾನ ಹೇಳಿದ.

ಗೌತಮಿ ಕೀಲಿಗಳ ಮೇಲಿಂದ ಕೈ ತೆಗೆದಳು. ಇಷ್ಟು ದಿನ ಅವಳನ್ನು ಕಾಪಾಡಿದ್ದು ಆ ಖಾನೆಗಳ ಜಾಗವೊಂದೇ. ಅದನ್ನು ತಾನೇ ಬೇಡಿ ಬೇಡಿ ಕಿತ್ತುಹಾಕಿಸಿಕೊಂಡಿದ್ದಳು. ಎಷ್ಟು ಮುಚ್ಚಿಟ್ಟಿದ್ದಳೋ ಅಷ್ಟೂ ಆ ಗಾಬರಿಯಲ್ಲಿ ಬಾಯಿಗೆ ಬಂದುಬಿಟ್ಟಿತು.

"ಹಳೇದೇ ಹಾಕ್ಕೊಡಿ ಸಾರ್. ಅಕ್ಷರ ಸಣ್ಣಗೇ ಇರ್ಲಿ. ನಂಗೆ ಅಕ್ಷರ ಬೇಕಾಗಿಲ್ಲ, ಜಾಗ ಇದ್ರೆ ಸಾಕು."

ಚೆನ್ನರಾಯಪ್ಪನವರು ಅಳತೆಯ ಪಾತ್ರೆ ಕೆಳಗಿಟ್ಟರು. "ಹಂಗಂದ್ರೆ ಇಷ್ಟು ದಿನ ಓದ್ತಾನೇ ಇರ್ಲಿಲ್ವೇನಮ್ಮ ನೀನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಅಮ್ಮಾಜಮ್ಮ ಕೈಯಲ್ಲಿದ್ದ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಹಾಗಾದರೆ ಹಿಂದಿನ ಚೀಟಿಗಳ ಗತಿಯೇನು ಎಂದು ಹಿಂದಿನವರೊಡನೆ ಗುಸುಗುಸು ಶುರುಮಾಡಿದಳು. ಅವೆಲ್ಲ ಸರಿಯಿದ್ದವು, ಒಂದಕ್ಷರವೂ ತಪ್ಪಿರಲಿಲ್ಲ ಎಂದು ಗೌತಮಿ ಕೂಗಿ ಹೇಳಬಹುದಾಗಿತ್ತು. ಆದರೆ ಕಾಣದವಳು ಸರಿಯಾಗಿ ಬರೆದಿದ್ದಾಳೆಂದು ಯಾರು ನಂಬುತ್ತಾರೆ?

ಚೆನ್ನರಾಯಪ್ಪನವರು ಕೆಟ್ಟವರಲ್ಲ. ಅವಳನ್ನು ಎಬ್ಬಿಸಿ ತಾವೇ ಕುರ್ಚಿಯಲ್ಲಿ ಕೂತರು. ಕೊಬ್ಬಿನ ಅಂಶ, ಹಾಲಿನ ಪ್ರಮಾಣ ಎಂದು ಜೋರಾಗಿ ಓದಿ, ಇದು ಬಲು ಚೆನ್ನಾಗಿದೆ, ಕುರುಡನೂ ಓದಬಹುದು ಎಂದವರು ನಾಲಿಗೆ ಕಚ್ಚಿಕೊಂಡರು. ಆ ತಪ್ಪನ್ನು ಸರಿಮಾಡುವವರಂತೆ, ನೀನು ಮಿಷನ್ ಹತ್ತಿರ ನಿಂತು ಅಂಕಿ ಕೂಗಮ್ಮ, ನಾನು ಬರೆದುಕೊಳ್ಳುತ್ತೇನೆ ಎಂದರು.

ಗೌತಮಿ ಮಿಷನ್ ಮುಂದೆ ಹೋಗಿ ನಿಂತಳು. ಅಲ್ಲಿ ಕೆಂಪು ಬೆಳಕೊಂದು ಕದಡಿಕೊಂಡು ಕಾಣುತ್ತಿತ್ತು, ಅಂಕಿ ಯಾವುದೂ ಇರಲಿಲ್ಲ. ಸಾಲು ಕಾಯಿತು. "ಇದೂ ಕಾಣಲ್ಲ ಸಾರ್," ಎಂದಳು.

ಆಗ ಸಾಲಿನ ನಡುವಿನಿಂದ ಯಾರೋ ಕ್ಯಾನು ಬಿಟ್ಟು ಬರುವ ಸದ್ದಾಯಿತು. ನಡಿಗೆ ಕೊಂಡಮ್ಮನದು. ಅವಳು ಹತ್ತಿರ ಬಂದು, ಹಾಲಿನ ವಾಸನೆಯ ಎರಡೂ ಕೈಗಳಿಂದ ಮಗಳ ಕೆನ್ನೆ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ನನ್ನ ಮುಖ ಕಾಣ್ತದೇನಮ್ಮ?"

ಗೌತಮಿ ತುಂಬ ಹೊತ್ತು ನೋಡಿದಳು. ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

"ಸೀರೆ ಕಾಣ್ತದವ್ವ," ಎಂದಳು.