ಹೊರೇಸ್ ಟ್ಯಾಪ್ಲಿ ಬೆರಳು ತೋರಿಸಲಿಲ್ಲ

ಮೂರನೆಯ ಸಲವೂ ಅಪ್ಪನ ಕೈ ಮೇಲೇಳಲಿಲ್ಲ.

ದೃಶ್ಯ ಬಹಳ ಸರಳ. ಲಂಡನ್ನಿನ ಬರ್ಮಂಡ್ಸಿಯಲ್ಲಿ, ಮಾಂಸ ತುಂಬಿ ಬೇಯಿಸಿದ ಪೈ ಮಾರುವ ಅಂಗಡಿಯಲ್ಲಿ ಮುದುಕನೊಬ್ಬ ಊಟ ಮಾಡುತ್ತಿದ್ದಾನೆ. ಮಫ್ತಿಯಲ್ಲಿರುವ ಪೊಲೀಸನೊಬ್ಬ ಬಂದು ಕಳ್ಳ ಎಲ್ಲಿ ಎಂದು ಕೇಳುತ್ತಾನೆ. ಮುದುಕ ಹೆದರಿ ಅಡುಗೆಮನೆಯ ಕಡೆ ಬೆರಳು ತೋರಿಸಬೇಕು. ಚಿಲ್ಲರೆ ಕಳ್ಳರ ಮೇಲಿನ ಹಾಸ್ಯಚಿತ್ರದಲ್ಲಿ ಅದು ಅರ್ಧ ನಿಮಿಷದ ನಗು.

ಆ ಚಿತ್ರದಲ್ಲಿ ನನ್ನದು ಕಣ್ಣಿಡುವ ಕೆಲಸ. ಒಂದು ಶಾಟ್‌ನಲ್ಲಿ ಲೋಟ ಎಲ್ಲಿತ್ತು, ಯಾರ ಯಾವ ಗುಂಡಿ ಬಿಚ್ಚಿತ್ತು ಎಂದು ಬರೆದುಕೊಂಡು, ಮುಂದಿನ ಶಾಟ್‌ನಲ್ಲೂ ಹಾಗೆಯೇ ಇರುವಂತೆ ನೋಡಿಕೊಳ್ಳಬೇಕು. ಏನೋ ತಪ್ಪಾಗುತ್ತದೆ ಎಂಬ ಭಯ ನನಗೆ ಚಿಕ್ಕಂದಿನಿಂದಲೂ ಇದೆ. ಅದಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ನನ್ನ ಪುಣ್ಯ.

ಮುದುಕನ ಪಾತ್ರಕ್ಕೆ ಅಪ್ಪನ ಹೆಸರು ಹೇಳಿದವಳು ನಾನೇ. ಪರಿಚಯದವರು ಎಂದಿದ್ದೆ, ಅಪ್ಪ ಎಂದಿರಲಿಲ್ಲ. ಅಪ್ಪ ಹಿಂದೆ ಹದಿನೆಂಟು ತಿಂಗಳು ಜೈಲಿನಲ್ಲಿದ್ದವನು. ಕಾಲೇಜು ಸೇರಿದ ದಿನದಿಂದ ಆ ಮಾತು ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ಅಪ್ಪನೋ, ತಾನು ಸಿನಿಮಾದಲ್ಲಿ ಬರುತ್ತೇನೆಂದು ಬೀದಿಗೆಲ್ಲ ಸಾರಿಬಿಟ್ಟಿದ್ದ. ಕಿಟಕಿಯಾಚೆ ಹತ್ತು ಹನ್ನೆರಡು ಜನ ಗಾಜಿಗೆ ಮೂಗು ಒತ್ತಿ ನಿಂತಿದ್ದರು.

"ಹೊರೇಸ್ ಅವರೇ, ಬೆರಳು," ಎಂದ ನಿರ್ದೇಶಕ ಹ್ಯೂಗೋ. "ಒಂದೇ ಒಂದು ಬೆರಳು."

"ಏಳ್ತಾ ಇಲ್ಲ ಗುರು."

"ನೋವಾ?"

"ನೋವೇನಿಲ್ಲ. ಅದಕ್ಕೆ ಅಭ್ಯಾಸ ಇಲ್ಲ."

ಗಲ್ಲಾದ ಹಿಂದಿನಿಂದ ಅಂಗಡಿಯ ಗ್ಲೆಂಡಾ ನಕ್ಕಳು. "ನಿನ್ನ ಬೆರಳಿಗೆ ಅಭ್ಯಾಸ ಇದ್ದಿದ್ದು ಬೇರೆಯವರ ಜೇಬು ಕಣಯ್ಯಾ!"

"ಜೇಬಲ್ಲ ಗ್ಲೆಂಡಾ, ಗೋದಾಮು. ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡು."

ಎಲ್ಲರೂ ನಕ್ಕರು. ಹ್ಯೂಗೋ ನಗಲಿಲ್ಲ. ಸಹಾಯಕಿಯ ಕಡೆ ಬಾಗಿ, "ಊಟದ ಬಿಡುವಿನೊಳಗೆ ಬೇರೆ ಮುದುಕನ್ನ ಕರೆಸಿ," ಎಂದ. ಮೆಲ್ಲಗೆ ಹೇಳಿದರೂ ಅಪ್ಪನಿಗೆ ಕೇಳಿಸಿತು. ಅವನು ಚಮಚ ಕೆಳಗಿಟ್ಟ. ಕಿಟಕಿಯ ಜನರ ಕಡೆ ನೋಡಿದ, ಟೋಪಿಗಾಗಿ ಕೈ ಚಾಚಿದ. ನನ್ನ ಕಡೆ ನೋಡಲಿಲ್ಲ. ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದೆಂದೇ ನೋಡಲಿಲ್ಲ ಎಂದು ನನಗೆ ಗೊತ್ತಾಯಿತು.

ನಾನು ಪೆನ್ನು ಕೆಳಗಿಟ್ಟೆ.

"ಅವರು ತೋರಿಸಲ್ಲ ಹ್ಯೂಗೋ," ಎಂದೆ. "ತೋರಿಸದೇ ಇದ್ದಿದ್ದಕ್ಕೇ ಜೈಲಿಗೆ ಹೋಗಿಬಂದೋರು. ಅವರು ನಮ್ಮಪ್ಪ."

ದೀಪ ಹಿಡಿದವನು ದೀಪ ಇಳಿಸಿದ. ಹ್ಯೂಗೋ ಒಮ್ಮೆ ನನ್ನನ್ನು, ಒಮ್ಮೆ ಅಪ್ಪನನ್ನು ನೋಡಿದ. "ಏನು ಕದ್ದಿದ್ರಿ?"

"ಡಬ್ಬಿ ಮೀನು. ಹನ್ನೊಂದು ಪೆಟ್ಟಿಗೆ," ಎಂದ ಅಪ್ಪ. "ಹಾಗಂದ್ಕೊಂಡಿದ್ವಿ. ಬಿಚ್ಚಿ ನೋಡಿದ್ರೆ ಡಬ್ಬಿಗೆ ಅಂಟಿಸೋ ಚೀಟಿ."

"ಚೀಟಿಗೆ ಹದಿನೆಂಟು ತಿಂಗಳು!" ಎಂದಳು ಗ್ಲೆಂಡಾ.

"ಬಣ್ಣದ ಚೀಟಿ ಕಣೇ." ಅಪ್ಪ ಟೋಪಿಯನ್ನು ಮೇಜಿನ ಮೇಲಿಟ್ಟ. "ಅರವತ್ತೊಂದನೇ ಇಸವಿ. ನಾನು, ನನ್ನ ಗೆಳೆಯ ಆಲ್ಬಿ ಇದೇ ಅಂಗಡೀಲಿ ಊಟಕ್ಕೆ ಕೂತಿದ್ವಿ. ಒಬ್ಬ ಬಂದ. ಬಂದರಿನ ಕೂಲಿಯವನ ಕೋಟು, ಅಂಥದ್ದೇ ಟೋಪಿ, ಉಗುರಲ್ಲಿ ಮಸಿ. ಪೊಲೀಸಿನವನು ಅಂತ ಗುರುತೇ ಸಿಗಲ್ಲ. ಪೈ ತಗೊಂಡ. ಆಮೇಲೆ ಚಾಕು ಕೇಳಿದ."

ಕಿಟಕಿಯಾಚೆಯವರಿಗೆ ಹೇಗೆ ಕೇಳಿಸಿತೋ, ಒಟ್ಟಿಗೆ ಹೋ ಎಂದರು.

"ಅದಕ್ಕೇನಾಯ್ತು?" ಎಂದ ಹ್ಯೂಗೋ.

"ಏನಾಯ್ತು ಅಂತಾನಲ್ಲಪ್ಪ! ಇಲ್ಲಿ ಚಾಕು ಹಿಡಿದು ಪೈ ತಿನ್ನೋನು ಯಾವನಿದಾನೆ? ಚಮಚ, ಫೋರ್ಕು, ಅಷ್ಟೇ. ಅವನ ವೇಷ ಬಯಲಾಯ್ತು. ಅಂಗಡಿಗೆ ಅಂಗಡೀನೇ ಗಪ್‌ಚಿಪ್. ಕೈ ತೊಳೀತೀನಿ ಅಂತ ಆಲ್ಬಿ ಎದ್ದು ಹಿಂದಕ್ಕೆ ಹೋದ."

"ನೀವ್ಯಾಕೆ ಓಡಲಿಲ್ಲ?"

"ಇಬ್ಬರೂ ಎದ್ರೆ ಅವನಿಗೆ ಗೊತ್ತಾಗಲ್ವಾ? ಪೈ ಬೇರೆ ಬಿಸಿಯಾಗಿತ್ತು. ಅವನು ಬಂದು, ಜೊತೇಲಿದ್ದೋನು ಎಲ್ಲಿ ಅಂದ. ಆ ವಿನೆಗರ್ ಕೊಡಪ್ಪ ಅಂದೆ. ಕೊಟ್ಟ. ಉಪ್ಪು ಅಂದೆ. ಉಪ್ಪೂ ಕೊಟ್ಟ. ಪೈನ ಹೇಗೆ ಮಗುಚಿ ಹಾಕ್ಕೋಬೇಕು ಅಂತ ಹೇಳಿಕೊಟ್ಟೆ. ಅಷ್ಟರಲ್ಲಿ ಆಲ್ಬಿ ನದಿ ದಾಟಿದ್ದ, ಸಿಕ್ಕಿಬಿದ್ದಿದ್ದು ನಾನೊಬ್ಬನೇ. ಅವನಿಗೆ ಐದು ಮಕ್ಕಳು. ನನಗೆ ಇವಳೊಬ್ಬಳೇ."

ಆಗ ನನಗೆ ನಾಲ್ಕು ವರ್ಷ. ಅಪ್ಪ ಹಡಗಿನಲ್ಲಿದ್ದಾನೆ ಎಂದಿದ್ದಳು ಅಮ್ಮ. ಆ ಚಳಿಗಾಲವೆಲ್ಲ ಪ್ರತಿ ಶನಿವಾರ ನಮ್ಮ ಬಾಗಿಲಲ್ಲಿ ಒಂದು ಚೀಲ ಕಲ್ಲಿದ್ದಲು ಇರುತ್ತಿತ್ತು. ಹಡಗಿನ ಕಂಪನಿಯವರು ಎಷ್ಟು ಒಳ್ಳೆಯವರು ಎಂದುಕೊಂಡಿದ್ದೆ.

ಹ್ಯೂಗೋ ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ತುರುಕಿದ. "ಅದನ್ನೇ ಮಾಡಿ," ಎಂದ. "ಗ್ಲೆಂಡಾ, ನೀವೂ ದೃಶ್ಯದಲ್ಲಿರಿ."

ಹೊಸ ಪೈ ಬಂತು. ಪೊಲೀಸನ ಪಾತ್ರದವನು ಗಲ್ಲಾದ ಮುಂದೆ ನಿಂತು ಚಾಕು ಕೇಳಿದ. ಗ್ಲೆಂಡಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅಪ್ಪನ ಚಮಚ ಬಾಯಿಯ ಹತ್ತಿರ ಒಂದು ಕ್ಷಣ ನಿಂತಿತು, ಅಷ್ಟೇ. ಆಮೇಲೆ ಊಟ ಮುಂದುವರಿಯಿತು. ಪೊಲೀಸ್ ಬಂದು ಎದುರಿಗೆ ಕೂತ.

"ಎಲ್ಲಿ ಅವನು?"

"ವಿನೆಗರ್ ಕೊಡ್ತೀಯಾ ಮರಿ?"

ಪೊಲೀಸ್ ಕೊಟ್ಟ. ಅವನ ಬೆನ್ನ ಹಿಂದೆ ಕಳ್ಳನ ಪಾತ್ರದವನು ಅಡುಗೆಮನೆಯಿಂದ ಹೊರಬಂದು, ಟೋಪಿ ಸರಿಮಾಡಿಕೊಂಡು, ಮುಂಬಾಗಿಲಿನಿಂದಲೇ ನಡೆದುಹೋದ. ಅಪ್ಪ ತಲೆ ಎತ್ತಲಿಲ್ಲ. ಇಡೀ ಲಂಡನ್ ಬಂದು ಎದುರಿಗೆ ಕೂತರೂ ಎತ್ತುತ್ತಿರಲಿಲ್ಲ. ಅಷ್ಟು ನೆಟ್ಟಗೆ ಕೂತು ಉಣ್ಣುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಕಿಟಕಿಯಾಚೆಯವರು ತಡೆಯಲಾರದೆ ಚಪ್ಪಾಳೆ ಹೊಡೆದು ಶಾಟ್ ಕೆಡಿಸಿದರು. ಹ್ಯೂಗೋ ಬೈಯಲಿಲ್ಲ. ನನ್ನ ಕಡೆ ತಿರುಗಿ, "ಇನ್ನೊಮ್ಮೆ ಮಾಡೋಣ. ಚಮಚ ಯಾವ ಕೈಯಲ್ಲಿತ್ತು?" ಎಂದ.

ನನ್ನ ಹಾಳೆ ಖಾಲಿಯಿತ್ತು.

"ನೋಡಲಿಲ್ಲ," ಎಂದೆ. "ನಾನು ಅಪ್ಪನ್ನ ನೋಡ್ತಿದ್ದೆ."

ಆ ದಿನ ಅಪ್ಪ ಒಟ್ಟು ನಾಲ್ಕು ಪೈ ತಿಂದ. ಚಿತ್ರದಲ್ಲಿ ಉಳಿದಿರುವುದು ಕೊನೆಯದು.