ಗಾಜಿನ ಮೇಲೆ ನಿಂತ ಕೈ

ನನ್ನ ಅಣ್ಣ ಕುಡಿದು ಸತ್ತ ಎಂದು ಹೂವಿನ ಹಿಪ್ಪರಗಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚಹಾದಂಗಡಿಯಲ್ಲಿ ಹೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ಹೇಳುತ್ತಾರೆ. ನಾನು ಎದುರಿಗೆ ಬಂದರೆ ಮಾತ್ರ ಬಾಯಿ ಮುಚ್ಚುತ್ತಾರೆ, ಯಾಕೆಂದರೆ ಇಬ್ಬರ ಹಲ್ಲು ಈಗಾಗಲೇ ನನ್ನ ಕೈಯಿಂದ ಅಲ್ಲಾಡಿವೆ.

ಪೊಲೀಸರ ಕಾಗದದಲ್ಲಿ ಹಾಗೆಂದು ಒಂದಕ್ಷರವೂ ಇಲ್ಲ. ಆ ಮಾತು ಹುಟ್ಟಿದ್ದು ಕಾಲುವೆಯ ದಂಡೆಯ ಮೇಲೆ. ಎರಡು ವರ್ಷದ ಹಿಂದೆ, ಚಳಿಗಾಲದ ಒಂದು ನಸುಕಿನಲ್ಲಿ, ಅಣ್ಣ ಬಸಂತರಾಯ ಬಾಡಿಗೆಯವರನ್ನು ತಾಳಿಕೋಟೆಯಲ್ಲಿ ಇಳಿಸಿ ಒಬ್ಬನೇ ಊರಿಗೆ ಮರಳುತ್ತಿದ್ದ. ತಿರುವಿನಲ್ಲಿ ಕಾರು ತಿರುಗಲಿಲ್ಲ. ನೆಟ್ಟಗೆ ಹೋಗಿ ಒಣ ಕಾಲುವೆಗೆ ಬಿತ್ತು. ಮೊದಲು ಓಡಿ ಬಂದವನು ತೊಗರಿ ಕಾಯುತ್ತಿದ್ದ ರಾವಸಾಬ. ಬಾಗಿಲು ತೆಗೆದವನೇ ಮೂಗು ಮುಚ್ಚಿಕೊಂಡನಂತೆ.

"ಗಾಡಿ ತುಂಬ ಸೀ ಸೀ ವಾಸನಿ. ಎಷ್ಟ್ ಕುಡದಿದ್ದನೋ ಏನೋ" ಅಂದನಂತೆ.

ಅಷ್ಟೇ. ಆ ಮಾತು ಅಣ್ಣನ ಹೆಣಕ್ಕಿಂತ ಮೊದಲು ಮನೆಗೆ ಬಂತು.

ಊರು ನಂಬಿದರೆ ನಂಬಲಿ, ಊರಿನ ಬಾಯಿಗಿಷ್ಟು ಮಣ್ಣು. ಆದರೆ ನಮ್ಮವ್ವನೂ ನಂಬಿದಳು. ಅವಳಿಗೆ ನಂಬುವುದು ಸುಲಭವಿತ್ತು. ನಮ್ಮಪ್ಪ ಕುಡಿದೇ ಸತ್ತವನು. ಅವ್ವ ಸಿದ್ದವ್ವ ಇಪ್ಪತ್ತು ವರ್ಷ ಅವನ ಅಂಗಿಯ ವಾಸನೆ ತೊಳೆದವಳು. ಅಣ್ಣನ ಫೋಟೊವನ್ನು ಅವಳು ಗೋಡೆಗೆ ಹಾಕಲಿಲ್ಲ. ಟ್ರಂಕಿನಲ್ಲಿ ಬೋರಲು ಹಾಕಿ ಬೀಗ ಜಡಿದಳು. ಹಿರಿಯರಿಗೆ ಎಡೆ ಹಿಡಿಯುವ ದಿನ ಅಪ್ಪನಿಗೆ ಎಡೆ ಹಿಡಿದಳು, ಅಣ್ಣನಿಗೆ ಇಲ್ಲ.

"ಕುಡದು ಸತ್ತ ಅಪ್ಪಗ ಎಡಿ, ಅಣ್ಣಗ ಯಾಕಿಲ್ಲ?" ಎಂದು ನಾನು ಜಗಳ ತೆಗೆದಿದ್ದೆ.

"ನಿಮ್ಮಪ್ಪ ಕುಡೀತೇನಿ ಅಂತ ಹೇಳಿ ಕುಡದ. ಇಂವ ನನ್ನ ತಲಿ ಮ್ಯಾಲೆ ಕೈ ಇಟ್ಟು ಆಣಿ ಮಾಡಿ ಕುಡದ" ಎಂದಳು.

ನಾನು ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟು ಬಸವನ ಬಾಗೇವಾಡಿಯಲ್ಲಿ ಗುಡುಸಾಬ ಚಾಚಾನ ಗ್ಯಾರೇಜು ಸೇರಿದವನು. ಈಗಲೂ ಅಲ್ಲೇ ಕೆಲಸ, ಅಲ್ಲೇ ಮಲಗುವುದು. ಅಣ್ಣನ ಬಿಳಿ ಕಾರನ್ನು ಠಾಣೆಯಿಂದ ಬಿಡಿಸಿ ಎಳೆದು ತಂದು ಗ್ಯಾರೇಜಿನ ಹಿಂದೆ ಜಾಲಿ ಮರದ ಕೆಳಗೆ ನಿಲ್ಲಿಸಿದ್ದೆ. ಎರಡು ವರ್ಷ, ಕೈ ಖಾಲಿ ಇದ್ದಾಗಲೆಲ್ಲ, ಅದರ ಮುಂಭಾಗ ಬಡಿದು ನೆಟ್ಟಗೆ ಮಾಡಿದೆ, ರೇಡಿಯೇಟರ್ ಹೊಸದು ಹಾಕಿದೆ, ಎಂಜಿನ್ ಬಿಚ್ಚಿ ಕಟ್ಟಿದೆ. ಕೊನೆಗೆ ಇಂಡಿ ಊರಿನ ಜಯತೀರ್ಥ ಮಾಸ್ತರರು ಕೊಳ್ಳಲು ಒಪ್ಪಿದರು. ಸೋಮವಾರ ಬಂದು ಒಯ್ಯುವ ಮಾತಾಯಿತು. ಮುಂದಿನ ಗಾಜು ಎಡ ಮೂಲೆಯಲ್ಲಿ ಸೀಳಿತ್ತು, ಅದನ್ನು ಭಾನುವಾರ ಬದಲಿಸುವುದಿತ್ತು.

ಗುರುವಾರ ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದೆ. ಮೊದಲ ಸಲಕ್ಕೇ ಹತ್ತಿತು. ಚೆನ್ನಾಗಿ ಕಾಯಲಿ ಎಂದು ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆಗೆದರೆ ವಾಸನೆ ಮುಖಕ್ಕೆ ಬಡಿಯಿತು. ಸಿಹಿ. ಗಂಟಲಿಗೆ ಅಂಟುವಂಥ ಸಿಹಿ. ಎಡಗಡೆ ಕಾಲಿಡುವ ಕಡೆ ಹಾಸಿದ ಮ್ಯಾಟು ಒದ್ದೆಯಾಗಿತ್ತು.

ಚಾಚಾನನ್ನು ಕೂಗಿದೆ. ಅವನು ಬಗ್ಗಿ ಮ್ಯಾಟು ಮುಟ್ಟಿ ಬೆರಳು ಮೂಸಿದ.

"ಹೀಟರ್ ಕಾಯಿಲ್ ಸೋರಾಕತ್ತೈತಿ" ಅಂದ.

ಹೀಟರ್ ಕಾಯಿಲ್ ಎಂದರೆ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ ಕೂತಿರುವ ಅಂಗೈಯಗಲದ ಚಿಕ್ಕ ರೇಡಿಯೇಟರ್. ಎಂಜಿನ್ನನ್ನು ತಂಪಿಡುವ ಕೂಲಂಟ್ ನೀರು ಕಾದು ಅದರೊಳಗೆ ಹಾಯುತ್ತದೆ, ಅದರ ಹಿಂದೆ ಫ್ಯಾನು ತಿರುಗಿದರೆ ಬೆಚ್ಚನೆ ಗಾಳಿ ಒಳಗೆ ಬರುತ್ತದೆ. ನಮ್ಮ ಬಿಸಿಲಿನಲ್ಲಿ ಅದು ಇದೆಯೆಂದು ನೆನಪಿಟ್ಟುಕೊಂಡವರೇ ಕಡಿಮೆ.

"ಈ ಕಡಿ ಹೀಟರ್ ಹಚ್ಚಾವ ಯಾಂವ ಅದಾನ? ಎರಡೂ ಪೈಪ್ ಹೊರಗಿಂದ ಹೊರಗ ಕೂಡಿಸಿ ಕ್ಲಿಪ್ ಬಿಗಿ. ಹತ್ತು ಮಿನಿಟಿನ ಕೆಲಸ. ಅದನ್ನ ಬದಲಿ ಮಾಡಾಕ ಹೋದ್ರ ಇಡೀ ಡ್ಯಾಶ್‌ಬೋರ್ಡ್ ಹೆರಿಗಿ ಮಾಡಸಬೇಕಾಗತೈತಿ."

"ಈ ವಾಸನಿ ಯಾತರದು ಚಾಚಾ?"

"ಕೂಲಂಟ್ ಕಾದ್ರ ಹಿಂಗ. ಬೆಲ್ಲದ ಪಾಕ ಇದ್ದಂಗ."

ಬೆಲ್ಲ ಎಂದ ಕೂಡಲೇ ಅಣ್ಣನ ಒಂದು ಫೋನು ನೆನಪಾಯಿತು.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಾಯುವ ಹದಿನೈದು ದಿನ ಮೊದಲು ಅಣ್ಣ ಫೋನ್ ಮಾಡಿದ್ದ. "ತಮ್ಮಾ, ಗಾಡಿಯಾಗ ಬೆಲ್ಲಾ ಕುದಿಸಿದಂಗ ವಾಸನಿ ಬರಾಕತ್ತೈತೋ. ಅಂಗಿಗೂ ಹತ್ತೈತಿ. ಒಂದಿನ ಬರ್ತೇನಿ, ನೋಡು" ಅಂದಿದ್ದ. ನಾನು ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದೆ, ಕೈ ತುಂಬ ಎಣ್ಣೆ. "ಯಾವನರ ಪ್ಯಾಸೆಂಜರ್ ಹೋಳಿಗಿ ಬಿಟ್ಟು ಇಳದಿರಬೇಕು, ಸೀಟಿನ ಬುಡಕ ಹುಡುಕಿ ತಿನ್ನು" ಎಂದು ನಕ್ಕು ಫೋನ್ ಇಟ್ಟಿದ್ದೆ. ಅಣ್ಣನೂ ನಕ್ಕಿದ್ದ.

ಚಾಚಾ ಚಹಾ ಕುಡಿಯಲು ಹೋದ. ನಾನು ಡ್ರೈವರ್ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. ಹೀಟರಿನ ಗುಂಡಿ ಬಿಸಿಯ ಕೆಂಪು ತುದಿಗೇ ತಿರುಗಿತ್ತು. ಆ ನಸುಕಿನ ಚಳಿಗೆ ಅಣ್ಣ ತಿರುಗಿಸಿದ್ದು, ಕಾಲುವೆಯಿಂದ ಎತ್ತಿದ ದಿನವೂ ಅಲ್ಲೇ ಇತ್ತು. ಎರಡು ವರ್ಷ ಆ ಗುಂಡಿ ನನ್ನ ಕಣ್ಣೆದುರಿಗಿತ್ತು, ನಾನು ನೋಡಿರಲಿಲ್ಲ. ಥೂ ನನ್ನ ಕಣ್ಣಿಗೆ. ಫ್ಯಾನ್ ಹಾಕಿದೆ.

ಗಾಜಿನ ಕೆಳಗಿನಿಂದ ಮಂಜು ಏರತೊಡಗಿತು. ಹೊರಗಿನ ಚಳಿಯ ಮಂಜಲ್ಲ, ಒಳಗಿನದು. ದಪ್ಪ, ಬೆಳ್ಳಗೆ, ಜಿಡ್ಡು ಜಿಡ್ಡು. ಜಾಲಿ ಮರ ಮಾಯವಾಯಿತು, ಗ್ಯಾರೇಜಿನ ಗೋಡೆ ಮಾಯವಾಯಿತು. ನಾನು ಫ್ಯಾನು ಜೋರು ಮಾಡಿದಷ್ಟೂ ಅದು ಹೆಚ್ಚಾಯಿತು. ಮಂಜು ಹೋಗಲೆಂದು ಅಣ್ಣನೂ ಇದನ್ನೇ ಮಾಡಿರಬೇಕು.

ಆಗ ಗಾಜಿನ ಮೇಲೆ ಗೆರೆಗಳು ಮೂಡಿದವು. ನನ್ನ ಮುಖದ ನೇರಕ್ಕೆ. ಮಂಜು ಎಲ್ಲ ಕಡೆ ಕೂರುತ್ತಿತ್ತು, ಆ ಗೆರೆಗಳಲ್ಲಿ ಕೂರುತ್ತಿರಲಿಲ್ಲ. ಕಮಾನಿನ ಹಾಗೆ ಬಗ್ಗಿದ ಗೆರೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಯಾರೋ ಒಳಗೆ ಕೂತು ಅವಸರದಿಂದ ಒರೆಸಿದ ಹಾಗೆ. ಕೊನೆಯ ಗೆರೆ ಪೂರ್ತಿಯಾಗಿರಲಿಲ್ಲ. ಅರ್ಧಕ್ಕೆ ನಿಂತಿತ್ತು. ನಿಂತ ಜಾಗದಲ್ಲಿ ಒಂದು ಎಡಗೈ ಇತ್ತು, ಅಂಗೈ, ಹೆಬ್ಬೆರಳು, ನಾಲ್ಕು ಬೆರಳು. ಉಂಗುರದ ಬೆರಳು ಅರ್ಧ.

ಅಣ್ಣನ ಎಡಗೈಯ ಉಂಗುರದ ಬೆರಳನ್ನು ತೊಗರಿ ರಾಶಿಯ ಮಷಿನ್ನು ತಿಂದಿತ್ತು. ಅವನಿಗೆ ಆಗ ಹದಿನಾಲ್ಕು.

ನಾನು ಬಾಗಿಲು ತೆಗೆದು ಹೊರಗೆ ಬಿದ್ದೆ. ಕೂಗಿದೆನಂತೆ, ನನಗೆ ನೆನಪಿಲ್ಲ. ಚಾಚಾ ಗ್ಲಾಸು ಹಿಡಿದುಕೊಂಡೇ ಓಡಿ ಬಂದ. ಬಗ್ಗಿ ಒಳಗೆ ನೋಡಿದವನು ಬಹಳ ಹೊತ್ತು ಏಳಲಿಲ್ಲ.

"ಅವತ್ತಿನ ಮಂಜಿನ ಜಿಡ್ಡು ಗಾಜಿಗಿ ಅಂಟೇತಿ" ಅಂದ ಕಡೆಗೆ, ಪಾಠ ಹೇಳುವವನ ಧ್ವನಿಯಲ್ಲಿ. "ಒಳಗಿಂದ ಯಾರೂ ತೊಳದಿಲ್ಲ. ಹೊಸ ಮಂಜು ಕೂತ್ರ ಕಾಣತೈತಿ, ಆರಿದ್ರ ಹೋಕ್ಕೈತಿ. ಇದರಾಗ ಅಂಜೂದು ಏನಿಲ್ಲ."

ಹಾಗೆಂದವನು ತನ್ನ ಚಪ್ಪಲಿಗಳನ್ನು ಬಿಟ್ಟು ಬರಿಗಾಲಲ್ಲಿ ನಿಂತಿದ್ದ.

ಮರುದಿನ ವಿಜಯಪುರಕ್ಕೆ ಹೋಗಿ ಹೊಸ ಹೀಟರ್ ಕಾಯಿಲ್ ತಂದೆ. ಆದರೆ ಹಳೆಯದನ್ನು ಬಿಚ್ಚಿದರೆ ಮಂಜು ಹೋಗುತ್ತದೆ, ಮಂಜು ಹೋದರೆ ಕೈ ಹೋಗುತ್ತದೆ. ಭಾನುವಾರ ಗಾಜೇ ಹೋಗುತ್ತದೆ. ಅಷ್ಟರೊಳಗೆ ಅವ್ವ ನೋಡಬೇಕಿತ್ತು. ಸಂಜೆಯ ಬಸ್ಸಿಗೆ ಹಿಪ್ಪರಗಿಗೆ ಹೋದೆ.

"ಯವ್ವಾ, ನಾಳಿ ಬಾಗೇವಾಡಿಗಿ ನಡಿ. ಅಣ್ಣನ ಗಾಡಿ ನೋಡಬೇಕು ನೀ."

"ಆ ಗಾಡಿ ಮಾರಿ ನಾ ನೋಡಂಗಿಲ್ಲ." ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅಂವ ಕುಡದಿರಲಿಲ್ಲ."

"ಕೈಕಾಲು ತೊಳಕೊಂಡು ಉಣ್ಣು."

"ಕುಡದಿರಲಿಲ್ಲ ಅಂತ ಹೇಳಾಕತ್ತೇನಿ!" ನಾನು ತಾಟು ಒದ್ದೆ. ಅದು ಹೋಗಿ ಗೋಡೆಗೆ ಬಡಿಯಿತು. "ಬಂದು ನೋಡು. ನೋಡಿದ ಮ್ಯಾಲೂ ಕುಡದಿದ್ದ ಅಂದ್ರ ಟ್ರಂಕಿನಾಗಿನ ಫೋಟೊ ನಾನಽ ಸುಡತೇನಿ. ಮತ್ತ ಅವನ ಹೆಸರು ಎತ್ತಂಗಿಲ್ಲ."

ಅವ್ವ ತಾಟು ಎತ್ತಿ, ತೊಳೆದು, ಅದರಲ್ಲೇ ನನಗೆ ರೊಟ್ಟಿ ಹಾಕಿದಳು. ಬೆಳಿಗ್ಗೆ ನಾನು ಏಳುವ ಮೊದಲೇ ಸೆರಗು ಹೊದ್ದುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

ಮೊದಲ ಬಸ್ಸಿಗೆ ಬಂದೆವು. ಚಳಿ ಇತ್ತು. ಅವಳನ್ನು ಎಡಗಡೆ ಸೀಟಿನಲ್ಲಿ ಕೂರಿಸಿದೆ. ಒದ್ದೆ ಮ್ಯಾಟಿನ ಮೇಲೆ ಕಾಲಿಟ್ಟವಳು ಸರಕ್ಕನೆ ಎಳೆದುಕೊಂಡು ಮತ್ತೆ ಇಟ್ಟಳು. ನಾನು ಎಂಜಿನ್ ಹಚ್ಚಿದೆ. ಹೊಟ್ಟೆಯೊಳಗೆ ನನ್ನ ಮಾತುಗಳು ತಯಾರಿದ್ದವು. ನೋಡಿದ್ಯಾ, ನಿನ್ನ ಮಗನ್ನ ಎರಡ ವರ್ಷ ಟ್ರಂಕಿನಾಗ ಬೋರಲು ಹಾಕಿದ್ದಿ, ಈಗ ಹೇಳು. ಬಸ್ಸಿನಲ್ಲಿ ಅದನ್ನೇ ಹಲ್ಲು ಕಚ್ಚಿ ಬಾಯಿಪಾಠ ಮಾಡಿದ್ದೆ.

ಎಂಜಿನ್ ಕಾಯಿತು. ಫ್ಯಾನ್ ಹಾಕಿದೆ. ವಾಸನೆ ಬಂತು.

ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಆಮೇಲೆ ನಿಧಾನವಾಗಿ ಸೆರಗು ಕೆಳಗಿಳಿಸಿ ವಾಸನೆಯನ್ನು ಎಳೆದುಕೊಂಡಳು.

"ಇದಽ" ಎಂದಳು. "ಇದಽ ವಾಸನಿ ಅವನ ಅಂಗಿಗಿ ಬರತಿತ್ತು."

"ಯಾವಾಗ?"

"ಹದಿನೈದ ಇಪ್ಪತ್ತ ದಿನ ಆಗಿತ್ತು. ನಾ ಕೇಳಿದೆ. ಯವ್ವಾ, ಇದು ಗಾಡೀ ವಾಸನಿ ಅಂದ. ನಿಮ್ಮಪ್ಪನೂ ಹಿಂಗಽ ಹೇಳತಿದ್ದ, ಸೇಂದಿ ಅಂಗಡಿ ಮುಂದ ಹಾದು ಬಂದೇನಿ, ಅದಕ್ಕ ವಾಸನಿ ಅಂತ. ಅಂವ ಹೋದ ಹಿಂದಿನ ರಾತ್ರಿ..." ಅವಳು ಎದುರಿನ ಗಾಜನ್ನೇ ನೋಡುತ್ತಿದ್ದಳು. "ಚಿಲಕಾ ಹಾಕಿದ್ದೆ. ಬಡದ. ತೆಗೀಲಿಲ್ಲ. ಕುಡದ ಮೈ ನನ್ನ ಹೊಸ್ತಿಲಾ ದಾಟೂದು ಬ್ಯಾಡ ಅಂದೆ. ಆಯ್ತವ್ವಾ, ನಸುಕಿನ್ಯಾಗ ಹೆಂಗೂ ಬಾಡಿಗಿ ಐತಿ, ಗಾಡಿಯಾಗ ಮಕ್ಕೊತೇನಿ ಅಂದ."

ಇದು ನನಗೆ ಗೊತ್ತಿರಲಿಲ್ಲ.

ಮಂಜು ಏರಿತು. ಮರ ಹೋಯಿತು, ಗೋಡೆ ಹೋಯಿತು. ಕಮಾನಿನ ಗೆರೆಗಳು ಒಂದೊಂದೇ ಬಂದವು. ಕೊನೆಗೆ ಅರ್ಧ ಗೆರೆ, ಅದರ ತುದಿಗೆ ಕೈ. ನಾನು ಏನನ್ನೂ ವಿವರಿಸಬೇಕಾಗಲಿಲ್ಲ. ಆ ಅರ್ಧ ಬೆರಳಿಗೆ ಅರಿಷಿಣ ಹಚ್ಚಿ ಬಟ್ಟೆ ಕಟ್ಟಿದವಳು ಅವಳು.

ಬಾಯಿಪಾಠ ಮಾಡಿದ ಮಾತು ಒಂದೂ ಹೊರಗೆ ಬರಲಿಲ್ಲ. ಬೇರೆಯೇ ಬಂತು.

"ನನಗೂ ಹೇಳಿದ್ದ ಯವ್ವಾ. ಫೋನ್ ಮಾಡಿ ಹೇಳಿದ್ದ. ನಾ ನಕ್ಕೆ."

ಅವ್ವ ನನ್ನ ಕಡೆ ತಿರುಗಲಿಲ್ಲ. ಆಮೇಲೆ ಅವಳು ಸೆರಗಿನ ತುದಿ ಸುತ್ತಿಕೊಂಡು ಗಾಜಿನ ಕಡೆ ಕೈ ಚಾಚಿದಳು. ನಾನು ಮಣಿಕಟ್ಟು ಹಿಡಿದೆ.

"ಮುಟ್ಟಬ್ಯಾಡ! ಅಳಸಿ ಹೋಕ್ಕೈತಿ. ಈ ಗಾಜು ಬಿಚ್ಚಿ ಇಡತೇನಿ. ರಾವಸಾಬನ್ನ ಕುತ್ತಿಗಿ ಹಿಡದು ತಂದು ತೋರಸತೇನಿ. ಇಡೀ ಊರಿಗಿ ತೋರಸತೇನಿ."

"ಊರಿಗಿ ತೋರಸಾಕ ಅವನ ಕೈ ಇನ್ನೂ ಇಲ್ಲೇ ಇರಬೇಕೇನು?" ಅವಳ ದನಿ ಏರಲಿಲ್ಲ. "ಎರಡ ವರ್ಷ ಆತು, ಒಬ್ಬನಽ ಒರಸಾಕತ್ತಾನ. ಬಿಡು ಕೈ."

ಬಿಟ್ಟೆ.

ಅವ್ವ ಅರ್ಧಕ್ಕೆ ನಿಂತ ಆ ಗೆರೆಯಿಂದಲೇ ಶುರು ಮಾಡಿದಳು. ಸೀಟಿನಿಂದ ಅರ್ಧ ಎದ್ದು, ನನ್ನ ಎದೆಯ ಮೇಲೆ ಬಾಗಿ, ಅವನು ಬಿಟ್ಟ ಕಡೆಯಿಂದ ಒರೆಸಿದಳು. ಜಿಡ್ಡು ಬೇಗ ಬಿಡಲಿಲ್ಲ. ಸೆರಗು ಮಡಚಿ, ಹೊಸ ಮಡಿಕೆಯಿಂದ ಮತ್ತೆ ಒರೆಸಿದಳು. ನಾನು ಫ್ಯಾನ್ ಆರಿಸಿದೆ. "ದಾರಿ ಕಾಣಲಿ, ನನ್ನಪ್ಪಾ, ದಾರಿ ಕಾಣಲಿ" ಎನ್ನುತ್ತಿದ್ದಳು. ನನಗೆ ಹೇಳುತ್ತಿರಲಿಲ್ಲ. ಮೂಲೆಯ ಸೀಳಿನವರೆಗೂ ಒರೆಸಿದಳು. ಜಾಲಿ ಮರ ಬಂತು, ಗೋಡೆ ಬಂತು, ಗೋಡೆಯಾಚೆಗೆ ಬಿಸಿಲು ಬಿದ್ದ ತಾಳಿಕೋಟೆ ರಸ್ತೆ ಬಂತು.

ಅವಳನ್ನು ಬಸ್ಸಿಗೆ ಹತ್ತಿಸಿ ಬಂದು ಕೆಲಸಕ್ಕೆ ಕೂತೆ. ಚಾಚಾ ಮತ್ತೆ ಕೇಳಿದ, "ಪೈಪ್ ಕೂಡಿಸಿ ಬಿಟ್ರ ಆತಲ್ಲ, ಮಾಸ್ತರಗ ಏನ್ ಗೊತ್ತಾಗತೈತಿ?"

"ಮಾಸ್ತರೂ ನಸುಕಿನ್ಯಾಗ ಗಾಡಿ ಹೊಡೀತಾರ ಚಾಚಾ."

ಅವನು ಸ್ಕ್ರೂ ಹಾಕಲು ಒಂದು ಡಬ್ಬಿ ತಂದಿಟ್ಟ. ಹಳೆಯ ನೀರು ಬಸಿದೆ. ಸ್ಟೇರಿಂಗ್ ಇಳಿಸಿದೆ, ಡ್ಯಾಶ್‌ಬೋರ್ಡ್ ಇಡಿಯಾಗಿ ಕಳಚಿ ಹೊರಗಿಟ್ಟೆ. ಹೀಟರಿನ ಪೆಟ್ಟಿಗೆ ತೆರೆದು ಹಳೆಯ ಕಾಯಿಲ್ ಎಳೆದೆ. ಮೂಲೆಯಲ್ಲಿ ಹಸಿರು ಉಪ್ಪು ಕಟ್ಟಿತ್ತು. ಉಗುರಿನಿಂದ ಕೆರೆದರೆ ತೂತು ಕಂಡಿತು. ಸಾಸಿವೆ ಕಾಳಿನಷ್ಟು. ನಮ್ಮ ಬೋರಿನ ಉಪ್ಪು ನೀರನ್ನು ವರ್ಷಗಟ್ಟಲೆ ಕೂಲಂಟಿಗೆ ಬೆರೆಸಿ ರೇಡಿಯೇಟರಿಗೆ ಸುರಿದಿದ್ದೆವು, ನಾನೂ ಸುರಿದಿದ್ದೆ, ಅದು ಅಲ್ಲಿ ಕೂತು ತಗಡು ತಿಂದಿತ್ತು. ಇಷ್ಟಗಲದ ತೂತಿಗೆ ಅಷ್ಟೆತ್ತರದ ಅಣ್ಣ. ಕಾಯಿಲನ್ನು ಗೋಡೆಗೆ ಬೀಸಿ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಹೊಸದು ಕೂರಿಸಿ, ಹೊಸ ಪೈಪು ಹೊಸ ಕ್ಲಿಪ್ಪು ಹಾಕಿ, ಒಳ್ಳೆಯ ಕೂಲಂಟ್ ತುಂಬಿ, ಡ್ಯಾಶ್‌ಬೋರ್ಡ್ ಮತ್ತೆ ಕಟ್ಟುವಷ್ಟರಲ್ಲಿ ಭಾನುವಾರ ಮಧ್ಯಾಹ್ನ. ಸಂಜೆಗೆ ಹೊಸ ಗಾಜು ಕೂತಿತು.

ಸೋಮವಾರ ನಸುಕಿನಲ್ಲಿ ಮಾಸ್ತರರು ಬರುವ ಮೊದಲು ಕಾಲುವೆಯ ತಿರುವಿನವರೆಗೆ ಹೋಗಿ ಬಂದೆ, ಹೀಟರ್ ಹಾಕಿಕೊಂಡು. ಬೆಚ್ಚಗಿನ ಒಣ ಗಾಳಿ. ವಾಸನೆ ಇಲ್ಲ. ಗಾಜು ಸ್ವಚ್ಛ. ಆದರೂ ತಿರುವು ಬಂದಾಗ ನನ್ನ ಎಡಗೈ ತಾನಾಗಿಯೇ ಎದ್ದು ಗಾಜಿಗೆ ಹೋಯಿತು.

ಮಾಸ್ತರರು ಕಾರು ಒಯ್ದ ಮೇಲೆ ಊರಿಗೆ ಹೋದೆ. ಗೋಡೆಯ ಮೇಲೆ ಅಪ್ಪನ ಪಕ್ಕದಲ್ಲಿ ಅಣ್ಣನಿದ್ದ, ಹಣೆಗೆ ಹೊಸ ಕುಂಕುಮ. ಅವ್ವ ಎಡೆಗೆಂದು ಹೋಳಿಗೆಯ ತಯಾರಿ ನಡೆಸಿದ್ದಳು. ಗಾಜು ಒರೆಸಿದ ಆ ಸೀರೆಯನ್ನು ಇನ್ನೂ ಒಗೆದಿರಲಿಲ್ಲ, ಗೂಟಕ್ಕೆ ತೂಗುತ್ತಿತ್ತು. ಹೊತ್ತು ಮುಳುಗಿ ಹೊರಗೆ ಚಳಿ ಬಿದ್ದಿತ್ತು, ಬಾಗಿಲಿಗೆ ಚಿಲಕ ಹಾಕಿತ್ತು. ಒಲೆಯ ಮೇಲೆ ಬೇಳೆಗೆ ಬೆಲ್ಲ ಬಿತ್ತು. ಬೆಲ್ಲ ಕರಗಿ ಕುದಿಯತೊಡಗಿದಾಗ ಆ ವಾಸನೆ ಎದ್ದು ಮನೆಯನ್ನೆಲ್ಲ ತುಂಬಿತು.

ಅವ್ವ ಸೌಟು ಕೆಳಗಿಟ್ಟಳು. ಎದ್ದು ಹೋಗಿ ಚಿಲಕ ತೆಗೆದು, ಎರಡೂ ಕದಗಳನ್ನು ಪೂರ್ತಿ ತೆರೆದು ಬಂದು ಮತ್ತೆ ಒಲೆಯ ಮುಂದೆ ಕೂತಳು.